ಕೋವಿ ದೊಡ್ಡದಾದರೆ ಸಾಲದು

ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಕೋವಿಯ ಮಾತೇಕೆ ಎಂದು ನೀವು ಹುಬ್ಬೇರಿಸಬಹುದು. ಅದನ್ನು ಬರೆಯುತ್ತಿರುವವಳು ಒಬ್ಬ ಗೃಹಿಣಿ ಎಂದು ತಿಳಿದರೆ ನಿಮ್ಮ ಅಚ್ಚರಿ ಇನ್ನಷ್ಟು ಹೆಚ್ಚಬಹುದು. ಆದರೆ ಹದಿಹರೆಯದ ಮಗನೊಬ್ಬ ಒಂದು ದಿನ ಬಂದು, 'ಅಮ್ಮಿ, ನನಗೆ ಬೇಟೆಯ ರೈಫಲ್ ಬೇಕು' ಎಂದು ಕೇಳಿದರೆ ತಾಯಿಯಾದವಳು ಏನು ಮಾಡಬೇಕು? ಗದರಿಸಿ ಸುಮ್ಮನಾಗಿಸಬೇಕೇ? ತಂದೆಯ ಬಳಿಗೆ ಕಳುಹಿಸಿ ಕೈತೊಳೆದುಕೊಳ್ಳಬೇಕೇ? ಅಥವಾ ಆ ವಸ್ತು ಏನೆಂದು ತಾನೂ ಕಲಿತು, ಅವನ ಪಕ್ಕದಲ್ಲಿ ಕುಳಿತುಕೊಳ್ಳಬೇಕೇ? ನಾನು ಮೂರನೆಯದನ್ನು ಆರಿಸಿಕೊಂಡೆ. ಹಾಗೆ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನನ್ನ ತವರು ಮಲೆನಾಡು. ಅಬ್ಬಾರ ಬಳಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೋವಿಯೊಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಚುನಾವಣೆ ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರಬೇಕು. ಅಬ್ಬಾ ಅದನ್ನು ಗಾಳಿಯಲ್ಲಿ ಹಾರಿಸಿ ಹಂದಿ ಓಡಿಸುತ್ತಿದ್ದುದೇ ಹೆಚ್ಚು. ಉಳಿದ ದಿನಗಳಲ್ಲಿ ಅದು ಬೀಗ ಹಾಕಿದ ಬೀರುವಿನಲ್ಲಿರುತ್ತಿತ್ತು. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿರುತ್ತಿದ್ದವು. ಆ ಪೆಟ್ಟಿಗೆಯ ಕೀಲಿ ಅಮ್ಮಿಯ ಸೆರಗಿನ ಗಂಟಿನಲ್ಲಿರುತ್ತಿತ್ತು.

ನಿಮ್ಮಲ್ಲಿ ಅನೇಕರು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿರಬಹುದು. ಬೆಂಗಳೂರಿನಲ್ಲಿ ನೆಲೆಸಿದ್ದ ಶಿಕಾರಿ ಕೆನೆತ್ ಆಂಡರ್ಸನ್ (1910-1974) ಅವರ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದರು. ಆಂಡರ್ಸನ್ ಬಹುಕಾಲ ಹಿಡಿದು ತಿರುಗಿದ್ದು .405 ವಿಂಚೆಸ್ಟರ್ ಎಂಬ ರೈಫಲ್. ಅದು ಅಮೆರಿಕದ ಲಿವರ್ ಆಕ್ಷನ್ ರೈಫಲ್, 1895ರ ಮಾದರಿಯದು. ಅದಕ್ಕೆ ಹೊಂದುವ .405 ತೋಟೆ 1904ರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಅಧಿಕಾರ ಬಿಟ್ಟ ಮೇಲೆ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಜೊತೆಗೊಯ್ದದ್ದೂ ಇದನ್ನೇ. ಚಿಕ್ಕಂದಿನಲ್ಲಿ ಆ ಕಥೆಗಳನ್ನು ಓದುವಾಗ ನನಗೆ ಹುಲಿ ಕಾಣುತ್ತಿತ್ತೇ ಹೊರತು ಕೋವಿ ಕಾಣುತ್ತಿರಲಿಲ್ಲ. ಆ ಕೋವಿಯ ತವರಿಗೇ ಸಂಸಾರ ಹೂಡಲು ಬರುತ್ತೇನೆಂದು ಆಗ ಯಾರು ಎಣಿಸಿದ್ದರು?

ಲಿವರ್ ಆಕ್ಷನ್ ಎಂದರೇನು? ಟ್ರಿಗರಿನ ಸುತ್ತ ಇರುವ ಕಬ್ಬಿಣದ ಬಳೆಯೇ ಇದರಲ್ಲಿ ಒಂದು ಸನ್ನೆ. ಬೆರಳುಗಳನ್ನು ಅದರೊಳಗೆ ತೂರಿಸಿ ಕೆಳಗೆ, ಮುಂದಕ್ಕೆ ತಳ್ಳಿದರೆ ಸುಟ್ಟ ತೋಟೆಯ ಚಿಪ್ಪು ಹೊರಗೆ ಹಾರುತ್ತದೆ. ಹಿಂದಕ್ಕೆ ಎಳೆದುಕೊಂಡರೆ ಹೊಸ ತೋಟೆ ನಳಿಗೆಯೊಳಗೆ ಕೂರುತ್ತದೆ. ಹೆಚ್ಚಿನ ಲಿವರ್ ರೈಫಲುಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಒಂದರ ಗುಂಡಿನ ಮೂತಿ ಮುಂದಿನದರ ಬೆನ್ನಿಗೆ, ಸಿಡಿಯುವ ಕೇಪಿಗೇ ತಾಗಿರುತ್ತದೆ. ಆದ್ದರಿಂದ ಇಂತಹ ಕೊಳವೆಯೊಳಗೆ ಚೂಪು ಮೂತಿಯ ಗುಂಡು ಹಾಕಬಾರದು. ಕೋವಿ ಒದೆದಾಗ ಹಿಂದಿನ ಚೂಪು ಮುಂದಿನ ಕೇಪನ್ನು ಕುಟ್ಟಿ ಸಿಡಿಸಿಬಿಡಬಹುದು. ಮೂತಿ ಚಪ್ಪಟೆಯಾಗಿರಬೇಕು, ಇಲ್ಲವೇ ಇತ್ತೀಚೆಗೆ ಬಂದಿರುವಂತೆ ಮೆತ್ತಗಿನ ರಬ್ಬರಿನಂತಹ ತುದಿಯಿರಬೇಕು. ಆಂಡರ್ಸನ್‌ರ 1895ರ ಮಾದರಿಯಲ್ಲಿ ತೋಟೆಗಳು ಕೊಳವೆಯಲ್ಲಿರದೆ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಅದಕ್ಕೆ ಈ ತೊಂದರೆ ಇಲ್ಲ.

ಈಗ ನಾವಿರುವುದು ಓಹಾಯೋ ರಾಜ್ಯದ ಹಳ್ಳಿಗಾಡಿನ ಅಂಚಿನಲ್ಲಿ. ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳು. 1904ರ ಹೊತ್ತಿಗೆ ಈ ರಾಜ್ಯದಲ್ಲಿ ಜಿಂಕೆಯ ಸಂತತಿಯೇ ಇಲ್ಲವಾಗಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಮೇಲೆ ಕಾಪಾಡಿ ಬೆಳೆಸಿದ್ದರಿಂದ ಇಂದು ಬಿಳಿಬಾಲದ ಜಿಂಕೆಗಳು ಬೆಳೆಗೆ ನುಗ್ಗುತ್ತವೆ, ರಾತ್ರಿ ರಸ್ತೆಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಅದಕ್ಕಾಗಿ ಪ್ರತಿವರ್ಷ ಸರಕಾರವೇ ಲೆಕ್ಕ ಹಾಕಿ, ಪರವಾನಿಗೆ ಕೊಟ್ಟು ಬೇಟೆಗೆ ಅವಕಾಶ ಕೊಡುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅದು ಅಲ್ಲಿಗೆ ಸರಿಯಾದದ್ದು. ಈ ಬರಹ ಓದಿ ಊರಿನಲ್ಲಿ ಯಾರೂ ಕೋವಿ ಹೆಗಲೇರಿಸಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ನೆರೆಯಲ್ಲಿ ಒಬ್ಬ ಮುದುಕ ರೈತರಿದ್ದಾರೆ. ಮಗ ಅವರನ್ನು ಅಜ್ಜನಂತೆಯೇ ಕಾಣುತ್ತಾನೆ. ಅವರ ಹೊಲದಲ್ಲಿ ಜಿಂಕೆಯ ಕಾಟ ಹೆಚ್ಚಿತ್ತು. 'ಹುಡುಗನಿಗೆ ಹದಿನಾಲ್ಕಾಯಿತಲ್ಲ, ಕಲಿಯಲಿ' ಎಂದರು ಅವರು. ಮಗ ಅಷ್ಟರಲ್ಲಾಗಲೇ ಕನಸು ಕಟ್ಟಿಕೊಂಡಿದ್ದ. 2015ರ 'ಜುರಾಸಿಕ್ ವರ್ಲ್ಡ್' ಸಿನಿಮಾದಲ್ಲಿ ನಾಯಕ ಹಿಡಿದಿದ್ದ ಹೊಳೆಯುವ ಮಾರ್ಲಿನ್ 1895 ರೈಫಲೇ ಅವನಿಗೆ ಬೇಕಾಗಿತ್ತು. ಅದರ ತೋಟೆ 45-70. ಡೈನೋಸಾರಿಗೆ ಆಗುವುದು ಜಿಂಕೆಗೆ ಆಗದೇ ಎಂಬುದು ಅವನ ವಾದ!

45-70 ಹೊಸತೇನಲ್ಲ. 1873ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ ತೋಟೆಯದು. 45 ಎಂದರೆ ಗುಂಡಿನ ದಪ್ಪ, ಇಂಚಿನ ನೂರರಲ್ಲಿ 45 ಭಾಗ. 70 ಎಂದರೆ ತುಂಬುತ್ತಿದ್ದ ಕರಿಮದ್ದಿನ ತೂಕ, 70 ಗ್ರೇನ್. ಮದ್ದು ಬದಲಾದರೂ ಹೆಸರು ಹಾಗೆಯೇ ಉಳಿಯಿತು. ಇಲ್ಲೊಂದು ಅಪಾಯವೂ ಇದೆ. ಇಂದಿನ ಗಟ್ಟಿ ರೈಫಲಿಗೆಂದು ತಯಾರಿಸಿದ ಬಿರುಸಾದ ತೋಟೆ ಆ ಹಳೆಯ ಸೈನ್ಯದ ಕೋವಿಯೊಳಗೂ ಸಲೀಸಾಗಿ ಹೋಗಿ ಕೂರುತ್ತದೆ. ಆದರೆ ಹಾರಿಸಿದರೆ ಹಳೆಯ ಕೋವಿ ಅದನ್ನು ತಾಳಿಕೊಳ್ಳಲಾರದು, ಸಿಡಿದು ಹಾರಿಸಿದವನ ಮುಖವನ್ನೇ ಕೆಡಿಸಬಹುದು. ಆದ್ದರಿಂದ ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ತೋಟೆ ತುಂಬಬಾರದು. ಮಗನಿಗೆ ನಾನು ಕಲಿಸಿದ ಮೊದಲ ಪಾಠ ಇದು. ಔಷಧಿಯ ಬಾಟಲಿಗೂ ಇದೇ ನಿಯಮವಲ್ಲವೇ?

ಓಹಾಯೋದ ಕಾನೂನೂ ಲಿವರ್ ರೈಫಲಿನ ಕಡೆಗೇ ಬೆರಳು ತೋರಿಸುತ್ತದೆ. ನೆಲ ಬಹಳ ಕಡೆ ಸಪಾಟು, ಮನೆಗಳು ಹತ್ತಿರ ಹತ್ತಿರ. ವೇಗದ ರೈಫಲ್ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗಬಹುದು. ಅದಕ್ಕೇ ಇಲ್ಲಿ ಬಹುಕಾಲ ಜಿಂಕೆಯ ಬೇಟೆಗೆ ರೈಫಲನ್ನೇ ಬಿಟ್ಟಿರಲಿಲ್ಲ. 2014ರಲ್ಲಿ ನೇರ ಗೋಡೆಯ ಚಿಪ್ಪಿನ ತೋಟೆಗಳಿಗೆ ಮಾತ್ರ ಅನುಮತಿ ಸಿಕ್ಕಿತು. ಅಂದರೆ ಶೀಸೆಯಂತೆ ಕತ್ತು ಕಿರಿದಾಗದೆ, ಲೋಟದಂತೆ ನೆಟ್ಟಗಿರುವ ಚಿಪ್ಪು. ಇವುಗಳ ಗುಂಡು ದಪ್ಪ, ವೇಗ ಕಡಿಮೆ, ಬೇಗ ನೆಲಕ್ಕಿಳಿಯುತ್ತದೆ. ಅಮೆರಿಕದ ಮನೆಮನೆಯಲ್ಲೂ ಹೆಸರಾದ .30-30 ವಿಂಚೆಸ್ಟರ್ ತೋಟೆಯ ಕತ್ತು ಕಿರಿದು. 1894ರ ಮಾದರಿಯ ವಿಂಚೆಸ್ಟರಿನ ಜೊತೆ ಅದೆಷ್ಟೋ ತಲೆಮಾರು ಕಂಡ ಆ ತೋಟೆಗೆ ಇಲ್ಲಿ ಜಿಂಕೆಯ ಮೇಲೆ ಹಾರುವ ಹಕ್ಕಿಲ್ಲ. 45-70, .44 ಮ್ಯಾಗ್ನಮ್, .357 ಮ್ಯಾಗ್ನಮ್‌ಗಳಿಗೆ ಇದೆ. ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ತುಂಬುವಂತಿಲ್ಲ.

ದೊಡ್ಡ ಗುಂಡಿನ ರೈಫಲುಗಳ ಕುಲವೇ ಬೇರೆ ಎಂಬುದನ್ನೂ ನಾನು ಆಗಲೇ ಓದಿ ತಿಳಿದುಕೊಂಡೆ. ಆನೆ, ಕಾಡುಕೋಣಗಳಿಗಾಗಿ ಬ್ರಿಟಿಷರ ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ, ಜೆಫ್ರಿ ಕಂಪೆನಿಗಳು ಅವನ್ನು ತಯಾರಿಸಿದವು. ನಮ್ಮ ಮಹಾರಾಜರುಗಳೂ ತೋಟದ ದೊರೆಗಳೂ ಹಿಡಿದ ಜೋಡಿ ನಳಿಗೆಯ ರೈಫಲುಗಳು ಇಂತಹವೇ. .416 ರಿಗ್ಬಿ 1911ರದು, .375 ಹಾಲೆಂಡ್ 1912ರದು, ಅಮೆರಿಕದ .458 ವಿಂಚೆಸ್ಟರ್ ಮ್ಯಾಗ್ನಮ್ 1956ರದು. ಕೋವಿ ಹೆಗಲಿಗೆ ಒದೆಯುವ ಬಲವನ್ನು ಅಡಿ-ಪೌಂಡಿನಲ್ಲಿ ಅಳೆಯುತ್ತಾರೆ. .44 ಮ್ಯಾಗ್ನಮ್ ರೈಫಲಿನ ಒದೆ ಸುಮಾರು ಹತ್ತು-ಹನ್ನೆರಡಾದರೆ, ಬಿರುಸಾದ 45-70ರದು ಮೂವತ್ತನ್ನು ದಾಟುತ್ತದೆ, .375ರದು ನಲವತ್ತರ ಹತ್ತಿರ, .458ರದು ಅರವತ್ತಕ್ಕೂ ಮೇಲೆ. ಹದಿನಾಲ್ಕರ ಹುಡುಗನ ಹೆಗಲು ಇದರಲ್ಲಿ ಎಷ್ಟನ್ನು ತಡೆದೀತು, ನೀವೇ ಹೇಳಿ.

ಹೆಗಲಿಗೆ ಬೀಳುವ ಪೆಟ್ಟಿಗಿಂತ ಮನಸ್ಸಿಗೆ ಹತ್ತುವ ಭಯ ದೊಡ್ಡದು. ಒಮ್ಮೆ ಒದೆಸಿಕೊಂಡವನು ಮುಂದಿನ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲನ್ನು ಹಿಂದಕ್ಕೆಳೆಯುತ್ತಾನೆ. ಗುಂಡು ಎಲ್ಲಿಗೋ ಹೋಗುತ್ತದೆ. ನೂರು ಗಜದಲ್ಲಿ ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ನಮ್ಮ ಊಟದ ತಟ್ಟೆಯಷ್ಟು. ಅದಕ್ಕೆ ಬಿದ್ದರೆ ಜೀವ ಬೇಗ ಹೋಗುತ್ತದೆ. ಒಂದು ಗೇಣು ಹಿಂದೆ ಬಿದ್ದರೆ ಹೊಟ್ಟೆ ಹರಿದು, ಆ ಮೂಕಪ್ರಾಣಿ ಗಂಟೆಗಟ್ಟಲೆ ಪೊದೆಯಲ್ಲಿ ನರಳುತ್ತದೆ. ಗುಂಡು ಎಷ್ಟೇ ದಪ್ಪವಿರಲಿ, ತಪ್ಪು ಜಾಗಕ್ಕೆ ಬಿದ್ದರೆ ಪ್ರಯೋಜನವಿಲ್ಲ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್‌ರಿಗೆ ಬಹುಮಾನವಾಗಿ ಸಿಕ್ಕಿದ್ದು .275 ರಿಗ್ಬಿ. ಅದು ದೊಡ್ಡ ಗುಂಡಿನದಲ್ಲ, ಆದರೂ ಅವರ ಮೆಚ್ಚಿನ ರೈಫಲ್. ಕಾರ್ಬೆಟ್, ಆಂಡರ್ಸನ್ ಇಬ್ಬರ ಕಥೆಗಳನ್ನೂ ಮತ್ತೊಮ್ಮೆ ಓದಿ ನೋಡಿ. ಹುಲಿ, ಚಿರತೆಗಳು ನರಭಕ್ಷಕವಾಗಲು ಅವರು ಕೊಡುವ ಕಾರಣಗಳಲ್ಲಿ, ಹಿಂದೆ ಯಾರೋ ಅಡ್ಡಾದಿಡ್ಡಿ ಹೊಡೆದು ಮಾಡಿದ ಗಾಯವೂ ಒಂದು. ಒಬ್ಬನ ತಪ್ಪು ಗುರಿಗೆ ಊರೆಲ್ಲ ಬೆಲೆ ತೆತ್ತ ಕಥೆಗಳವು.

ಮಗನ ಮುಂದೆ ಇದನ್ನೆಲ್ಲ ಇಟ್ಟೆವು. ಅವನ ಮುಖ ಸಪ್ಪೆಯಾಯಿತು. 'ಹಾಗಾದರೆ ನಾನು ಚಿಕ್ಕವನೆಂದು ಚಿಕ್ಕ ಕೋವಿಯೇ?' ಎಂದು ಕೇಳಿದ. ನೆರೆಯ ಅಜ್ಜ ನಗಲಿಲ್ಲ. ಒಳಗಿನಿಂದ ತಮ್ಮ ಹಳೆಯ ಮಾರ್ಲಿನ್ 1894ನ್ನು ತಂದು ಅವನ ಕೈಗೆ ಕೊಟ್ಟರು. .44 ಮ್ಯಾಗ್ನಮಿನದು. 'ನಾನು ಇಷ್ಟು ವರ್ಷ ಹಿಡಿದದ್ದು ಇದೇ. ನೀನು ನನಗಿಂತ ದೊಡ್ಡವನಾದಾಗ ದೊಡ್ಡದನ್ನು ತೆಗೆದುಕೋ' ಎಂದರು. ಅಲ್ಲಿಗೆ ವಾದ ಮುಗಿಯಿತು. ಆ ರೈಫಲಿನ ಮತ್ತೊಂದು ಗುಣವೆಂದರೆ, ಅದರಲ್ಲಿ .44 ಸ್ಪೆಷಲ್ ಎಂಬ ಮೆದುವಾದ ತೋಟೆಯನ್ನೂ ಹಾರಿಸಬಹುದು. ಅಭ್ಯಾಸಕ್ಕೆ ಅದು, ಬೇಟೆಗೆ ಮ್ಯಾಗ್ನಮ್.

ಕಲಿಕೆ ಆರಂಭವಾದದ್ದು ಅದರಿಂದಲೂ ಅಲ್ಲ, .22ರ ಪುಟ್ಟ ಲಿವರ್ ರೈಫಲಿನಿಂದ. ಅದು ಒದೆಯುವುದೇ ಇಲ್ಲ. ಸರಕಾರದ ಬೇಟೆಗಾರರ ಶಿಕ್ಷಣ ತರಗತಿಗೆ ನಾನೂ ಮಗನೂ ಒಟ್ಟಿಗೆ ಹೋದೆವು. ಹಿಜಾಬ್ ತೊಟ್ಟ ಹೆಂಗಸೊಬ್ಬಳು ಮುಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದನ್ನು ಕಂಡು ಮೊದಲ ದಿನ ಕೆಲವರು ತಿರುಗಿ ನೋಡಿದರು. ಎರಡನೆಯ ದಿನ ಒಬ್ಬರು ನನ್ನ ಟಿಪ್ಪಣಿಯನ್ನೇ ಕೇಳಿ ಪಡೆದರು.

ಅಲ್ಲಿ ಕಲಿತ ಮುಖ್ಯ ವಿಷಯಗಳು ನಾಲ್ಕು. ಪ್ರತಿ ಕೋವಿಯೂ ತುಂಬಿದೆ ಎಂದೇ ತಿಳಿಯಬೇಕು. ಕೊಲ್ಲಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬಾರದು. ಗುರಿ ಹಿಡಿದು ನಿಶ್ಚಯವಾಗುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಗುರಿಯ ಹಿಂದೇನಿದೆ ಎಂದು ತಿಳಿದಿರಬೇಕು. ಲಿವರ್ ರೈಫಲಿಗೆ ಇನ್ನೆರಡು ಸೇರಿಸಬೇಕು. ಸನ್ನೆಯನ್ನು ಅಂಜುತ್ತ ಅರ್ಧಕ್ಕೆ ನಿಲ್ಲಿಸಿದರೆ ತೋಟೆ ಸಿಕ್ಕಿಹಾಕಿಕೊಳ್ಳುತ್ತದೆ, ಪೂರ್ತಿ ತಳ್ಳಿ ಪೂರ್ತಿ ಎಳೆಯಬೇಕು. ಎತ್ತಿದ ಹ್ಯಾಮರನ್ನು ಹೊಡೆಯದೆ ಕೆಳಗಿಳಿಸುವಾಗ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಆದ್ದರಿಂದ ನಳಿಗೆ ನೆಲದ ಕಡೆಗೇ ಇರಬೇಕು, ಹೆಬ್ಬೆರಳು ಒಣಗಿರಬೇಕು, ಚಳಿಗೆ ಮರಗಟ್ಟಿರಬಾರದು.

ಅಜ್ಜ ಹೇಳಿಕೊಟ್ಟ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಮಗನಿಗೆ ಕಾಣದಂತೆ ನಾನು ತೋಟೆ ತುಂಬುವುದು, ನಡುವೆ ಎಲ್ಲೋ ಒಂದು ಮದ್ದಿಲ್ಲದ ಸುಳ್ಳು ತೋಟೆ ಸೇರಿಸುವುದು. ಟ್ರಿಗರ್ ಒತ್ತಿದಾಗ ಟಿಕ್ ಎಂದಷ್ಟೇ ಸದ್ದಾಗುತ್ತದೆ, ಆದರೆ ಹೆದರಿದವನ ನಳಿಗೆ ಆಗಲೂ ಕುಪ್ಪಳಿಸುತ್ತದೆ. ಭಯ ಅವನ ಕಣ್ಣಿಗೇ ಬೀಳುತ್ತದೆ. ಮಗನ ನಳಿಗೆ ಮೊದಮೊದಲು ಕುಪ್ಪಳಿಸಿತು. ಬೇಸಿಗೆ ಕಳೆಯುವಷ್ಟರಲ್ಲಿ ಕಲ್ಲಿನಂತೆ ನಿಂತಿತು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ಗುಂಡನ್ನೂ ಹಾರಿಸಲು ಬಿಡಲಿಲ್ಲ. ಒಂದು ದಿನಕ್ಕೆ ಇಪ್ಪತ್ತು ಗುಂಡು, ಅದಕ್ಕಿಂತ ಹೆಚ್ಚಿಲ್ಲ. ದಣಿದ ಹೆಗಲು ಕೆಟ್ಟ ಅಭ್ಯಾಸ ಕಲಿಯುತ್ತದೆ. ಗುರಿಹಲಗೆಯನ್ನು ಐವತ್ತು ಗಜದಿಂದ ಆರಂಭಿಸಿ ನೂರಕ್ಕೆ ಒಯ್ದೆವು. ಅಲ್ಲಿಗೆ ನಿಲ್ಲಿಸಿದೆವು. ನೂರು ಗಜಕ್ಕೆ ಸರಿಹೊಂದಿಸಿದ ದಪ್ಪ ಗುಂಡು ಇನ್ನೂರು ಗಜದಲ್ಲಿ ಒಂದು ಅಡಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಆದ್ದರಿಂದ ನೂರರ ಆಚೆ ಹೊಡೆಯುವಂತಿಲ್ಲ ಎಂದು ನಿಯಮ ಮಾಡಿದೆವು.

ಅಮೆರಿಕದಲ್ಲಿ 2020ರಿಂದೀಚೆಗೆ 1ರಿಂದ 19 ವರ್ಷದೊಳಗಿನವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ರಸ್ತೆ ಅಪಘಾತವೂ ಅಲ್ಲ, ಕಾಯಿಲೆಯೂ ಅಲ್ಲ, ಬಂದೂಕು. ಈ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಆದ್ದರಿಂದ ನಮ್ಮವರೂ ನಾನೂ ಸೇರಿ ಒಂದು ತೀರ್ಮಾನ ಮಾಡಿದೆವು. ರೈಫಲ್ ನಮ್ಮ ಮನೆಗೆ ಬರುವುದಿಲ್ಲ. ಅಜ್ಜನ ಕಬ್ಬಿಣದ ಬೀರುವಿನಲ್ಲಿಯೇ ಇರುತ್ತದೆ. ತೋಟೆಗಳು ಮಾತ್ರ ನಮ್ಮಲ್ಲಿ, ಬೀಗದೊಳಗೆ. ಎರಡು ಮನೆಯ ದೊಡ್ಡವರು ಒಟ್ಟು ಸೇರದೆ ಕೋವಿಯೂ ತೋಟೆಯೂ ಒಂದಾಗುವಂತಿಲ್ಲ. ಅಮ್ಮಿಯ ಸೆರಗಿನ ಗಂಟು ಇಲ್ಲಿ ನನ್ನ ಕೈಚೀಲಕ್ಕೆ ಬಂತು, ಅಷ್ಟೇ.

ಓಹಾಯೋದಲ್ಲಿ ದೊಡ್ಡವರ ಬೇಟೆಯ ವಾರಕ್ಕಿಂತ ಮೊದಲು, ನವೆಂಬರಿನಲ್ಲಿ ಎರಡು ದಿನ ಮಕ್ಕಳಿಗೆಂದೇ ಮೀಸಲು. ಜೊತೆಯಲ್ಲಿ ಒಬ್ಬ ವಯಸ್ಕರಿರಬೇಕು, ಅವರು ಬೇಟೆಯಾಡುವಂತಿಲ್ಲ. ಎಲ್ಲರೂ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕು. ಹೊಲದ ಒಡೆಯರ ಲಿಖಿತ ಅನುಮತಿ ಜೇಬಿನಲ್ಲಿರಬೇಕು. ಹಾಗೆ ನಾನು ಬರಿಗೈಯಲ್ಲಿ, ಹಿಜಾಬಿನ ಮೇಲೆ ಕಿತ್ತಳೆ ಟೊಪ್ಪಿಗೆ ಹಾಕಿಕೊಂಡು, ಮಗನ ಪಕ್ಕ ಹುಲ್ಲಿನ ಮರೆಯಲ್ಲಿ ಕುಳಿತೆ. ಮೊದಲ ದಿನ ಏನೂ ಬರಲಿಲ್ಲ. ಎರಡನೆಯ ಬೆಳಗ್ಗೆ ಫಜ್ರ್ ಮುಗಿಸಿ ಹೋಗಿ ಕುಳಿತು ಒಂದು ಗಂಟೆಯಾಗಿರಬಹುದು, ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ದಿಬ್ಬದ ನೆತ್ತಿಗೆ ಬಂದು ಅಡ್ಡಲಾಗಿ ನಿಂತಿತು. ಎಂಬತ್ತು ಗಜವೂ ಇರಲಿಲ್ಲ. ಮಗ ಕೋವಿಯನ್ನು ಕವೆಗೋಲಿನ ಮೇಲಿಟ್ಟ. ನನಗೆ ಅವನ ಉಸಿರು ಕೇಳುತ್ತಿತ್ತು. ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅದು ಅವನ ತೀರ್ಮಾನವಾಗುತ್ತಿರಲಿಲ್ಲ.

ಅವನು ಹ್ಯಾಮರ್ ಎತ್ತಲೇ ಇಲ್ಲ. ಕೋವಿ ಕೆಳಗಿಟ್ಟು, 'ಅಮ್ಮಿ, ಹಿಂದೆ ಆಕಾಶ ಇದೆ' ಎಂದು ಪಿಸುಗುಟ್ಟಿದ. ಹೌದು, ಜಿಂಕೆಯ ಹಿಂದೆ ಗುಂಡನ್ನು ತಡೆಯುವ ಮಣ್ಣಿರಲಿಲ್ಲ. ದಿಬ್ಬದ ಆಚೆ ರಸ್ತೆ, ಅದರಾಚೆ ಎರಡು ಮನೆಗಳು. ಜಿಂಕೆ ನಮ್ಮನ್ನು ನೋಡಿ ಬಿಳಿ ಬಾಲ ಎತ್ತಿ ಹೊರಟುಹೋಯಿತು. ಆ ವರ್ಷ ಅವನಿಗೆ ಮತ್ತೊಂದು ಸಿಗಲಿಲ್ಲ.

ಅಂದು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಬ್ಬಾ ಮೊಮ್ಮಗನನ್ನು ಕೇಳಿದರು, 'ಈಡು ತಪ್ಪಿತಾ, ಬೇಟಾ?'

'ಇಲ್ಲ ನಾನಾ, ಹೊಡೆಯಲೇ ಇಲ್ಲ' ಎಂದು ಅವನು ಕಾರಣ ಹೇಳಿದ. ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಬ್ಬಾ, 'ನಿನ್ನ ವಯಸ್ಸಿನಲ್ಲಿ ನಾನು ಹೊಡೆದುಬಿಡುತ್ತಿದ್ದೆ' ಎಂದರು. ಮಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಮರುವರ್ಷ ಐವತ್ತು ಗಜದಲ್ಲಿ ಒಂದು ಹೆಣ್ಣು ಜಿಂಕೆ ಬಂತು, ಹಿಂದೆ ಎತ್ತರದ ಮಣ್ಣಿನ ಏರಿ. ಬಿಸ್ಮಿಲ್ಲಾಹ್ ಹೇಳಿ ಹೊಡೆದ. ಒಂದೇ ಗುಂಡು. ನಾವು ಚಾಕು ಹಿಡಿದು ಓಡಿ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಇಲ್ಲಿ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ನಮ್ಮಲ್ಲಿಯೂ ಎದ್ದಿತ್ತು. ಗುಂಡಿನಿಂದ ಸತ್ತ ಬೇಟೆಯ ವಿಚಾರದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಲ್ಲಾಹನ ನಾಮ ಹೇಳಿ ಹೊಡೆದು, ಗುಂಡು ದೇಹವನ್ನು ಭೇದಿಸಿದ್ದರೆ ಬಾಣದಂತೆಯೇ ಅದು ಹಲಾಲ್ ಎನ್ನುವವರಿದ್ದಾರೆ. ಗುಂಡು ಹರಿತವಾದುದಲ್ಲ, ಜೀವವಿರುವಾಗಲೇ ಝಬಹ್ ಮಾಡಿದರೆ ಮಾತ್ರ ತಿನ್ನಬಹುದು ಎನ್ನುವವರೂ ಇದ್ದಾರೆ. ಮೊದಲೇ ನಮ್ಮ ಮಸೀದಿಯ ಇಮಾಮರನ್ನು ಕೇಳಿದ್ದೆವು. ಅವರು ಎರಡನ್ನೂ ವಿವರಿಸಿ, ಮೊದಲನೆಯದು ತಮ್ಮ ಅಭಿಪ್ರಾಯವೆಂದರು. ನಾನೂ ಮಗನೂ ತಿಂದೆವು. ನಮ್ಮವರು ಎರಡನೆಯದನ್ನು ನೆಚ್ಚಿಕೊಂಡವರು, ಬೇಳೆ ಸಾರಿನಲ್ಲಿ ಊಟ ಮುಗಿಸಿದರು. ಒಂದೇ ದಸ್ತರಖಾನಿನ ಮೇಲೆ ಎರಡು ತಟ್ಟೆ, ಜಗಳವಿಲ್ಲ. ಅರ್ಧಕ್ಕೂ ಹೆಚ್ಚು ಮಾಂಸ ಅಜ್ಜನ ಮನೆಗೂ, ಊರಿನ ಬಡವರ ಆಹಾರ ಭಂಡಾರಕ್ಕೂ ಹೋಯಿತು. ಪ್ರಾಣಿಯನ್ನು ಕೊಯ್ಯುವಾಗಲೂ ಚಾಕು ಹರಿತ ಮಾಡಿ ಅದಕ್ಕೆ ನೋವು ಕಡಿಮೆ ಮಾಡಬೇಕೆಂದೂ, ಜೀವವಿರುವುದನ್ನು ಆಟದ ಗುರಿಯಾಗಿಸಬಾರದೆಂದೂ ಪ್ರವಾದಿಯವರು(ಸ) ಕಲಿಸಿದ್ದಾರೆ. ಒಂದು ವರ್ಷ ಪೂರ್ತಿ ಹಲಗೆಗೆ ಹೊಡೆದು ಕಲಿತದ್ದು ಆ ಮಾತನ್ನು ಪಾಲಿಸಲೆಂದೇ ಎಂದು ಮಗನಿಗೆ ಅಂದು ಮತ್ತೆ ಹೇಳಬೇಕಾಗಲಿಲ್ಲ.

ವಿದೇಶದಲ್ಲಿರುವ ಕನ್ನಡಿಗ ಕುಟುಂಬಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಸಲಹೆ ಇಷ್ಟು. ಮೊದಲು ನಿಮ್ಮ ರಾಜ್ಯದ ಕಾನೂನು ಓದಿ, ಆಮೇಲೆ ಅಂಗಡಿಗೆ ಹೋಗಿ. ಹೆಗಲು ತಾಳುವ ಕೋವಿಯನ್ನು ಆರಿಸಿ, ಸಿನಿಮಾದಲ್ಲಿ ಕಂಡದ್ದನ್ನಲ್ಲ. ರೈಫಲಿಗೆ ಖರ್ಚು ಮಾಡಿದಷ್ಟೇ ಹಣವನ್ನು ಅಭ್ಯಾಸದ ತೋಟೆಗೂ ಗಟ್ಟಿ ಬೀಗಕ್ಕೂ ಎತ್ತಿಡಿ. ಬೀಗಕ್ಕೆ ಹಣವಿಲ್ಲದಿದ್ದರೆ ಕೋವಿಗೂ ಹಣವಿಲ್ಲವೆಂದೇ ತಿಳಿಯಿರಿ.

ಊರಿನಲ್ಲಿರುವ ತಾಯಂದಿರೇ, ನಿಮ್ಮ ಮನೆಯಲ್ಲಿ ಕೋವಿ ಇಲ್ಲದಿರಬಹುದು. ಆದರೆ ಬೈಕಿನ ಕೀಲಿ ಇದೆ, ಮೊಬೈಲ್ ಇದೆ. ದೊಡ್ಡ ಬೈಕು ಕೇಳುವ ಮಗನಿಗೆ 'ಬೇಡ' ಎನ್ನುವುದು ಸುಲಭ, 'ಆಗಲಿ' ಎನ್ನುವುದು ಅದಕ್ಕಿಂತಲೂ ಸುಲಭ. ಅವನ ಜೊತೆ ಕುಳಿತು, ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಕಲಿಯುವುದಕ್ಕೆ ಸಮಯ ಬೇಕು. ಆ ಸಮಯವನ್ನು ಕೊಡೋಣ. ಯಾವಾಗ ಕೈ ತಡೆಯಬೇಕೆಂಬುದನ್ನು ಮಕ್ಕಳು ಬೈಗುಳದಿಂದ ಕಲಿಯುವುದಿಲ್ಲ, ಪಕ್ಕದಲ್ಲಿ ಕುಳಿತವರಿಂದ ಕಲಿಯುತ್ತಾರೆ.

ಮಗನಿಗೆ 45-70ರ ಆಸೆ ಇನ್ನೂ ಹೋಗಿಲ್ಲ. ಸ್ವಂತ ಸಂಪಾದನೆಯಿಂದ ಕೊಂಡುಕೊಳ್ಳಲಿ ಎಂದಿದ್ದೇನೆ. ಇನ್ಶಾ ಅಲ್ಲಾಹ್, ಅಷ್ಟರಲ್ಲಿ ಅವನ ಹೆಗಲೂ ಅಗಲವಾದೀತು.